ಬೋಟ್ ಎಂಜಿನ್‌ಗೆ ಅಲಾರಂ: ಬಝರ್ ಇದ್ದರೆ ಸಾಲದು, ಕೂಗಬೇಕು

ಮಲ್ಪೆಯಲ್ಲಿ ಪರಿಚಯದವರೊಬ್ಬರ ಬೋಟಿನ ಎಂಜಿನ್ ನಡುಕಡಲಲ್ಲಿ ಸೀಜ್ ಆಯಿತು, ಅಂದರೆ ಒಳಗೆ ಬಿಗಿದುಕೊಂಡು ನಿಂತೇಹೋಯಿತು. ಅಲಾರಂ ಇತ್ತು, ಬಝರ್ ಹೊಸದೇ. ಆಯಿಲ್ ಪ್ರೆಶರ್ ಬಿದ್ದಾಗ ಮಾತ್ರ ಅದು ಕೂಗಲಿಲ್ಲ. ಬಿಚ್ಚಿ ನೋಡಿದರೆ ಸ್ವಿಚ್ಚಿನ ಮರೆಗೆ (ತಿರುಗಿಸಿ ಕೂರಿಸುವ ಸುರುಳಿ ಗೀರಿಗೆ) ನಾಲ್ಕು ಸುತ್ತು ಟೆಫ್ಲಾನ್ ಟೇಪ್! ಇದೇ ತಪ್ಪನ್ನು ಬೇರೆ ಬೋಟುಗಳಲ್ಲೂ ಕಂಡಿದ್ದೇನೆ. ಜೂನ್, ಜುಲೈನ 61 ದಿನ ಮೀನುಗಾರಿಕೆ ನಿಷೇಧದಲ್ಲಿ ಬೋಟು ದಕ್ಕೆಯಲ್ಲೇ ಇರುತ್ತದಲ್ವಾ, ಆಗಲೇ ಈ ಕೆಲಸ ಮುಗಿಸಿಕೊಳ್ಳಿ.

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. 12 ವೋಲ್ಟೋ 24 ವೋಲ್ಟೋ ನೋಡಿ, ಅದಕ್ಕೆ ತಕ್ಕ ಬಝರ್ ತನ್ನಿ.

ಇನ್ನು ಸ್ವಿಚ್‌ಗಳು. ಎಲ್ಲರೂ ಎಡವುವುದು ಇಲ್ಲೇ. ಆಯಿಲ್ ಸ್ವಿಚ್ ಪ್ರೆಶರ್ ಇಲ್ಲದಾಗ ಕೂಡಿಕೊಂಡಿರುತ್ತದೆ (ಕರೆಂಟು ಹರಿಯುತ್ತದೆ), ಪ್ರೆಶರ್ ಬಂದರೆ ಬಿಡುತ್ತದೆ. ಬಿಸಿಯ ಸ್ವಿಚ್ ಇದಕ್ಕೆ ಉಲ್ಟಾ: ಸುಮಾರು 95 ಡಿಗ್ರಿಗೆ ಕೂಡಿಕೊಳ್ಳುತ್ತದೆ. ಒಂದೇ ತಂತಿಯ ಸ್ವಿಚ್ ಆದರೆ ಅದರ ಮೈಯೇ ಅರ್ತ್, ಅಂದರೆ ಕರೆಂಟು ಎಂಜಿನ್ ಮೂಲಕ ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿ. ಮರೆಗೆ ಟೇಪ್ ಸುತ್ತಿದರೆ ಆ ಅರ್ತ್ ಕೈಕೊಡಬಹುದು. ಹಾಗಾಗಿ ಟೇಪ್ ಬೇಡವೇ ಬೇಡ. ಕೂರುವ ಜಾಗದ ಪೇಂಟ್, ತುಕ್ಕು ಕೆರೆದು ತೆಗೆಯಿರಿ. ಮರೆ ಹೊಂದದಿದ್ದರೆ ಒತ್ತಾಯದಿಂದ ತಿರುಗಿಸಬೇಡಿ, ಸರಿಯಾದ ಅಡಾಪ್ಟರ್ ಹಾಕಿ. ಪ್ರೆಶರ್, ಬಿಸಿ ಅಳೆದು ಮೀಟರಿಗೆ ಕಳಿಸುವ ಸೆಂಡರ್‌ನಿಂದ ಸುಮ್ನೆ ಒಂದು ತಂತಿ ಎಳೆದು ಬಝರಿಗೆ ಕೊಡುವವರಿದ್ದಾರೆ. ಆಗ ಮೀಟರೂ ತಪ್ಪು ತೋರಿಸುತ್ತದೆ, ಅಲಾರಂ ಕೂಡ ನಂಬುವಂತಿರುವುದಿಲ್ಲ. ಅಲಾರಂಗೆ ಬೇರೆಯೇ ಸ್ವಿಚ್ ಬೇಕು.

ಬಿಸಿಯ ಸ್ವಿಚ್ಚಿನ ತುದಿ ಎಂಜಿನ್ ತಂಪು ಮಾಡುವ ನೀರಿನಲ್ಲಿ ಮುಳುಗಿರಬೇಕು. ನೀರೆಲ್ಲ ಸೋರಿಹೋದರೆ ಅದಕ್ಕೆ ಬಿಸಿ ತಟ್ಟುವುದು ತಡ. ಕಡಲ ನೀರು ಎಕ್ಸಾಸ್ಟ್ ಪೈಪಿನಿಂದಲೇ ಹೊರಬೀಳುವ ಎಂಜಿನ್ ಆದರೆ, ಆ ರಬ್ಬರ್ ಪೈಪಿನ ಮೇಲೂ ಬಿಸಿ ಗುರುತಿಸುವ ಒಂದು ಸೆನ್ಸರ್ ಕಟ್ಟಿ. ಪಂಪಿನ ಇಂಪೆಲರ್ (ನೀರು ತಳ್ಳುವ ರೆಕ್ಕೆಚಕ್ರ) ಕೆಟ್ಟರೆ ಮೊದಲು ಗೊತ್ತಾಗುವುದು ಅಲ್ಲೇ.

ವೈರಿಂಗ್ ಸುಲಭ. ಕೀಯಿಂದ 2 ಆಂಪ್ ಫ್ಯೂಸ್, ಅಲ್ಲಿಂದ ಬಝರಿನ ಪ್ಲಸ್. ಬಝರಿನ ಮೈನಸ್‌ನಿಂದ ಎರಡೂ ಸ್ವಿಚ್‌ಗಳಿಗೆ ಒಂದೊಂದು ತಂತಿ. ಈ ಸ್ವಿಚ್‌ಗಳಿಗೇ ಎಚ್ಚರಿಕೆ ದೀಪಗಳೂ ಇದ್ದರೆ ಪ್ರತಿ ತಂತಿಗೂ ಕರೆಂಟನ್ನು ಒಂದೇ ಕಡೆಗೆ ಬಿಡುವ ಒಂದು 1ಎನ್4007 ಡಯೋಡ್ ಹಾಕಿ, ಅದರ ಮೇಲಿನ ಬೆಳ್ಳಿಗೆರೆ ಸ್ವಿಚ್ಚಿನ ಕಡೆಗಿರಲಿ. ಇಲ್ಲದಿದ್ದರೆ ಒಂದು ದೋಷಕ್ಕೆ ಎರಡೂ ದೀಪ ಹತ್ತುತ್ತವೆ, ಯಾವುದು ಕೆಟ್ಟಿತೆಂದು ತಿಳಿಯುವುದಿಲ್ಲ. ಮನೆಗೆ ಹಾಕುವ ಗಟ್ಟಿ ಒಂಟಿ ತಂತಿ ಬೇಡ, ಎಂಜಿನ್ ನಡುಕಕ್ಕೆ ತುಂಡಾಗುತ್ತದೆ. ತವರ ಲೇಪಿಸಿದ ಎಳೆಗಳಿರುವ ತಾಮ್ರದ ತಂತಿಯೇ ಇರಲಿ, ಸ್ವಲ್ಪ ಜಾಸ್ತಿ ದುಡ್ಡಾದರೂ ಪರವಾಗಿಲ್ಲ. ಜೋಡಣೆಗೆ ಕ್ರಿಂಪ್ (ಒತ್ತಿ ಕೂರಿಸುವ ಲೋಹದ ತುದಿ), ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ). ಕಪ್ಪು ಟೇಪ್ ಉಪ್ಪುಗಾಳಿಗೆ ಬಿಟ್ಟುಕೊಳ್ಳುತ್ತದೆ. ಬಝರನ್ನು ಬಂದ್ ಮಾಡುವ ಬಟನ್ ಮಾತ್ರ ಖಂಡಿತ ಇಡಬೇಡಿ. ಒಮ್ಮೆ ಆಫ್ ಮಾಡಿದ್ದು ಹಾಗೇ ಉಳಿದುಬಿಡುತ್ತದೆ.

ಬ್ಯಾಟರಿ ಜೋಡಿಸಿ ಕೀ ಹಾಕಿ. ಎಂಜಿನ್ ನಿಂತಿರುವಾಗಲೇ ಬಝರ್ ಕೂಗಬೇಕು. ಕೂಗದಿದ್ದರೆ ಆಯಿಲ್ ಸ್ವಿಚ್ಚಿನ ತಂತಿಯನ್ನು ಎಂಜಿನ್ ಮೈಗೆ ತಾಗಿಸಿ. ಆಗ ಕೂಗಿತೆಂದರೆ ದೋಷ ಸ್ವಿಚ್ಚಿನದು ಅಥವಾ ಅದರ ಅರ್ತಿನದು. ಎಂಜಿನ್ ಸ್ಟಾರ್ಟ್ ಮಾಡಿದ ಮೇಲೆ ಕೆಲವೇ ಸೆಕೆಂಡಿನಲ್ಲಿ ಸದ್ದು ನಿಲ್ಲಬೇಕು. ಆಮೇಲೆ ರೇಸ್ ಪೂರ್ತಿ ಕೊಟ್ಟು, ಬಿಸಿಯ ಸ್ವಿಚ್ಚಿನ ತಂತಿಯನ್ನೂ ಹಾಗೇ ತಾಗಿಸಿ. ತಾಂಡೇಲರು (ಬೋಟು ನಡೆಸುವವರು) ಚುಕ್ಕಾಣಿಯ ಹತ್ತಿರ ನಿಂತಿರಲಿ. ಅವರಿಗೆ ಕೇಳಿಸದಿದ್ದರೆ ಇನ್ನೂ ಜೋರಾದ ಬಝರ್ ತಂದು ಕ್ಯಾಬಿನ್ನಿನಲ್ಲಿ ಅವರ ತಲೆಯ ಮಟ್ಟಕ್ಕೇ ಹಾಕಿ.