ಟೇಪು, ಟಾರ್ಚು, ಅರವತ್ತು ಕೊಟ್ಟಿಗೆ

ಹಳೆ ಕೊಟ್ಟಿಗೆ, ಕಣಜಗಳನ್ನು ಅಳೆದು ನಕ್ಷೆ ಬರೆದಿಡುವುದು ನನ್ನ ಕೆಲಸ. ಕಳೆದ ಮಳೆಗಾಲದಲ್ಲಿ ಒಂದು ಹಳೆ ಕೊಟ್ಟಿಗೆಯ ಕೊನೇ ಅಂಕಣ, ಅಂದರೆ ಕಂಬದಿಂದ ಕಂಬಕ್ಕೆ ಇರುವ ಒಂದು ಭಾಗ, ಕುಸಿಯಿತು. ಮನೆಯವರು ನನ್ನ ನಕ್ಷೆಯನ್ನು ಬಡಗಿಯ ಕೈಗೆ ಕೊಟ್ಟರು. ಹೊಸ ತೊಲೆಯನ್ನು ನೆಲದ ಮೇಲೇ ಕೊರೆದು ಮೇಲೇರಿಸಿದರು. ಒಂದು ಬೆರಳೂ ಆಚೀಚೆ ಆಗದೆ ಕೂತಿತು. 'ಟೇಪು ಹಿಡಿದು ಅಳೆಯೋ ಕಾಲ ಮುಗೀತು' ಅಂದಿದ್ದ ಗೆಳೆಯರಿಗೆ ಅವತ್ತೇ ಫೋಟೊ ಕಳಿಸಿದೆ. ಸ್ವಲ್ಪ ಜಂಬ ಇತ್ತು, ಇಲ್ಲ ಅನ್ನಲ್ಲ.

ಇಲ್ಲಿಗೆ ಬರಲು ಸುಮಾರು ಆರು ವರ್ಷ ಹಿಡಿಯಿತು. ಮೊದಲು ನಾನೂ ಲೇಸರ್ ಬಿಟ್ಟು ಕಟ್ಟಡ ಅಳೆಯುವ ಸ್ಕ್ಯಾನರಿಗೇ ಮರುಳಾಗಿದ್ದೆ. ಬಾಡಿಗೆಗೆ ತರಿಸಿದೆ. ಎರಡು ಕಣಜ, ಒಂದು ಕೊಟ್ಟಿಗೆ. ಅಷ್ಟಕ್ಕೇ ಆ ವರ್ಷದ ದುಡ್ಡಿನ ಮುಕ್ಕಾಲು ಪಾಲು ಹೋಯಿತು. ಹುಲ್ಲು ತುಂಬಿದ ಕಡೆ ಹುಲ್ಲಿನ ನಕ್ಷೆ ಬಂತು, ಗೋಡೆಯದಲ್ಲ. ಸಾಲದ್ದಕ್ಕೆ, ಆ ಫೈಲ್ ತೆರೆಯುವ ಸಾಫ್ಟ್‌ವೇರಿಗೆ ವರ್ಷ ವರ್ಷ ದುಡ್ಡು ಕಟ್ಟಬೇಕು. ಕಟ್ಟೋದು ನಿಲ್ಲಿಸಿದೆ. ಫೈಲು ಡಿಸ್ಕಿನಲ್ಲಿ ಸುಮ್ನೆ ಕೂತಿದೆ. ಫೋಟೊ ಜೋಡಿಸಿ ಮಾದರಿ ಕಟ್ಟುವುದು ಹೊರಗೋಡೆಗೆ ಚೆನ್ನಾಗಿದೆ, ಈಗಲೂ ಬಳಸುತ್ತೇನೆ. ಒಂದು ಫೋಟೊದ ಮೂರರಲ್ಲಿ ಎರಡು ಪಾಲು ಮುಂದಿನದರಲ್ಲೂ ಬರುವಂತೆ ತೆಗೆದರೆ ಸಾಕು. ಕತ್ತಲೆ ಅಟ್ಟದಲ್ಲಿ ಮಾತ್ರ ಬರೀ ಕಲಸುಮೇಲೋಗರ.

ಟೇಪಿನಲ್ಲೂ ಎಡವಿದೆ. ಒಂದೊಂದು ಅಂಕಣವನ್ನೂ ಬೇರೆಬೇರೆ ಅಳೆದು ಕೂಡಿಸುತ್ತಿದ್ದೆ. ಒಂದೊಂದರಲ್ಲಿ ಸೆಂಟಿಮೀಟರ್ ಜಾರಿ, ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ 8-9 ಸೆಂಟಿಮೀಟರ್ ಮಾಯ! ಈಗ ಟೇಪನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದು ಕಟ್ಟಿ, ಪ್ರತಿ ಕಂಬವನ್ನೂ ಅದೇ ಸೊನ್ನೆಯಿಂದ ಓದುತ್ತೇನೆ. ಎದುರು ಮೂಲೆಯಿಂದ ಮೂಲೆಗೆ ಎರಡೂ ಅಳತೆ ಬಿಡುವುದಿಲ್ಲ; ಎರಡೂ ಹೊಂದದಿದ್ದರೆ ಮೂಲೆ ಸರಿಯಿಲ್ಲ ಅಂತ. ಅರವತ್ತು ಚಿಲ್ಲರೆ ಕಟ್ಟಡಗಳಲ್ಲಿ ಮೂಲೆಮಟ್ಟಕ್ಕೆ ಸರಿ ಇದ್ದದ್ದು ಮೂರೋ ನಾಲ್ಕೋ. ನಕ್ಷೆ 1:50 (ಕಟ್ಟಡದ ಐವತ್ತನೇ ಒಂದು ಅಳತೆ), ಮರ ಮರಕ್ಕೆ ಕೂಡುವ ಸಂದುಗಳಿಗೆ 1:10.

ಜಾಸ್ತಿ ಕೊಟ್ಟಿದ್ದು ಟಾರ್ಚು. ಕತ್ತಲಾದ ಮೇಲೆ ಮರದ ಮಗ್ಗುಲಿಂದ ಓರೆಯಾಗಿ ಬೆಳಕು ಬಿಡಿ, ಬಡಗಿಯ ಗುರುತೆಲ್ಲ ಎದ್ದು ಬರುತ್ತದೆ. ಏರುಪೇರಾದ ನೇರ ಗೀರಿದ್ದರೆ ಕೈಗರಗಸ. ಕಮಾನಿನಂತೆ ಬಾಗಿದ್ದರೆ ಯಂತ್ರದ ಚಕ್ರಗರಗಸ. ಹಗಲಲ್ಲಿ ಮೂರು ಸಲ ನೋಡಿ ಕೈಬಿಟ್ಟಿದ್ದ ತೊಲೆಯಲ್ಲಿ ಯಾವ ಮರ ಎಲ್ಲಿ ಕೂರಬೇಕು ಅಂತ ಬಡಗಿ ಹಾಕಿದ ಜೋಡಣೆಯ ಗುರುತುಗಳ ಸಾಲೇ ಸಿಕ್ಕಿತು. ಎಷ್ಟು ದೂರ, ಯಾವ ಓರೆ ಅನ್ನೋದನ್ನು ನೀವೇ ಕಂಡುಕೊಳ್ಳಿ.

ನಡುವೆ ಒಂದು ಹುಚ್ಚೂ ಹತ್ತಿತ್ತು. ತೊಲೆಯ ತುದಿಗೆ ಸೀಮೆಸುಣ್ಣ ಉಜ್ಜಿದರೆ ಉಂಗುರಗಳು ಸ್ಪಷ್ಟವಾಗಿ ಕಾಣುತ್ತವೆ. ಎಣಿಸಿದೆ, 140ರ ಆಸುಪಾಸು. ಕೊಟ್ಟಿಗೆಗೆ ಅಷ್ಟು ವಯಸ್ಸು ಅಂತ ಸಾರಿಕೊಂಡು ತಿರುಗಿದೆ. ಅದು ಮರದ ವಯಸ್ಸಲ್ವಾ! ಸಾಲದ್ದಕ್ಕೆ ಅದೇ ತೊಲೆಯಲ್ಲಿ ಏನೂ ಕೂರದ ಖಾಲಿ ತೂತುಗಳು. ಬೇರೆ ಕಟ್ಟಡದಲ್ಲಿ ದುಡಿದು ಬಂದ ಮರ ಅದು. ಕೊನೆಯ ಉಂಗುರ ಇರುವ ತೊಗಟೆಯ ಅಂಚು ಉಳಿದಿಲ್ಲದಿದ್ದರೆ ಕಡಿದ ವರ್ಷ ಲ್ಯಾಬಿನವರಿಗೂ ಖಚಿತವಾಗಿ ಸಿಗುವುದಿಲ್ಲ.

ಇನ್ನು ಜನ. ಮೊದಮೊದಲು ಕ್ಯಾಮೆರಾ ನೇತುಹಾಕಿಕೊಂಡು ಹೋಗಿ 'ತೆರಿಗೆಯವರಾ?' ಅನ್ನಿಸಿಕೊಂಡೆ. ಹನ್ನೆರಡು ಮನೆಯಲ್ಲಿ ಏಳು ಕಡೆ ಬಾಗಿಲು ಹಾಕಿದರು. ಈಗ ಮೊದಲ ಸಲ ಬರಿಗೈಲಿ ಹೋಗುತ್ತೇನೆ. ಮನೆಯ ಹಿರಿಯರನ್ನು ಕೊಟ್ಟಿಗೆಯ ಒಳಗೇ ನಿಲ್ಲಿಸಿ ಮಾತಾಡಿಸುತ್ತೇನೆ. ಮನೆಯಲ್ಲಿ ಕೂತರೆ ನೆಂಟರ ಕಥೆ ಬರುತ್ತದೆ. ಇಲ್ಲಿ ನಿಂತರೆ ಕೈ ತಾನಾಗಿ ಕಂಬ ಮುಟ್ಟುತ್ತದೆ, 'ಇಲ್ಲೊಂದು ಗೋದಲಿ ಇತ್ತು' ಅಂತ ಶುರುವಾಗುತ್ತದೆ. ಅಲ್ಲಿ ನೆಲ ಕೆದಕಿದರೆ ಎಷ್ಟೋ ಸಲ ಗೂಟದ ಗುಣಿ ಸಿಕ್ಕಿದೆ. ನಾನು ಕೇಳುವ ಮೊದಲ ಪ್ರಶ್ನೆ ಯಾವುದು ಅಂತ ಮಾತ್ರ ಬರೆಯುವುದಿಲ್ಲ.

ಈಗ ಒಂದು ಕಟ್ಟಡಕ್ಕೆ ಒಂದೂವರೆ ದಿನ. ಬ್ಯಾಟರಿ, ಕಾಗದ, ಓಡಾಟ, ಟೇಪಿನ ಇನ್ನೊಂದು ತುದಿ ಹಿಡಿಯುವವನ ಕೂಲಿ, ಅಷ್ಟೇ ಖರ್ಚು. ಸ್ಕ್ಯಾನರಿನ ಒಂದು ದಿನದ ಬಾಡಿಗೆಯಲ್ಲಿ ಏಳೆಂಟು ಕಟ್ಟಡ ಮುಗಿಯುತ್ತವೆ. ನಕ್ಷೆಯ ಒಂದು ಪ್ರತಿ ಮನೆಯವರಿಗೇ ಕೊಡುತ್ತೇನೆ. ಅಂಕಣ ಕುಸಿದ ಮನೆಯವರು ಅದನ್ನು ಜಮೀನಿನ ಕಾಗದಪತ್ರದ ಜೊತೆ ಪೆಟ್ಟಿಗೆಯಲ್ಲಿ ಇಟ್ಟಿದ್ದರು.