ಹೈವೇ 49: ಕ್ಯಾಲಿಫೋರ್ನಿಯಾದ ಚಿನ್ನದ ಊರುಗಳನ್ನು ನೋಡುವ ಬಗೆ

ಸಿಯೆರಾ ನೆವಾಡಾ ಬೆಟ್ಟಸಾಲಿನ ಪಶ್ಚಿಮ ತಪ್ಪಲಲ್ಲಿ ಹಾವಿನಂತೆ ಹರಿದ ಈ ರಸ್ತೆಗೆ 49 ಎಂಬ ಸಂಖ್ಯೆ ಬಂದದ್ದು, 1849ರಲ್ಲಿ ಚಿನ್ನಕ್ಕಾಗಿ ಇಲ್ಲಿಗೆ ಮುಗಿಬಿದ್ದವರ ನೆನಪಿಗೆ. ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಿಂದ ಬರುವವರು ಸಾಮಾನ್ಯವಾಗಿ ಎಡವುವುದು ಒಂದೇ ದಿನದಲ್ಲಿ ಏಳೆಂಟು ಊರು ಮುಗಿಸಲು ಹೋಗಿ. ಪ್ಲಾಸರ್‌ವಿಲ್‌ನಿಂದ ಸೊನೋರಾಕ್ಕೆ ಸುಮಾರು 80 ಮೈಲಿ ಅಷ್ಟೇ, ಆದರೆ ತಿರುವುಗಳಿಂದಾಗಿ ಎರಡು ಗಂಟೆ ಹಿಡಿಯುತ್ತದೆ. ದಿನಕ್ಕೆ ಎರಡು ಊರು ಸಾಕು. ಜಾಕ್ಸನ್ ಅಥವಾ ಸಟರ್ ಕ್ರೀಕ್‌ನಲ್ಲಿ ಒಂದು ರಾತ್ರಿ ಉಳಿದುಕೊಳ್ಳಿ. ಮೊದಲ ದಿನ ಕೊಲೋಮಾ, ಮರುದಿನ ಬೆಳಗ್ಗೆ ಒರಳುಬಂಡೆ (ಇಂಡಿಯನ್ ಗ್ರೈಂಡಿಂಗ್ ರಾಕ್ ಪಾರ್ಕ್), ಮಧ್ಯಾಹ್ನ ಕೊಲಂಬಿಯಾ.

ಏಪ್ರಿಲ್, ಮೇ ಅಥವಾ ಅಕ್ಟೋಬರ್ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 38 ಡಿಗ್ರಿ ದಾಟುವುದುಂಟು, ಕಾಡ್ಗಿಚ್ಚಿನ ಹೊಗೆಯೂ ಸೇರಿಕೊಳ್ಳಬಹುದು. ಕಣಿವೆಗೆ ಇಳಿದರೆ ಮೊಬೈಲ್ ಸಿಗ್ನಲ್ ಹೋಗುತ್ತದೆ, ಹಾಗಾಗಿ ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಸಣ್ಣ ಮ್ಯೂಸಿಯಂಗಳು ಕೆಲವು ವಾರಾಂತ್ಯಕ್ಕಷ್ಟೇ ತೆರೆಯುತ್ತವೆ, ಊಟದ ಜಾಗಗಳು ಬೇಗ ಮುಚ್ಚುತ್ತವೆ. ಪುಳಿಯೋಗರೆ ಕಟ್ಟಿಕೊಂಡು ಹೋದರೆ ನಿಶ್ಚಿಂತೆ.

ಕೊಲೋಮಾ ಪ್ಲಾಸರ್‌ವಿಲ್‌ನಿಂದ ಉತ್ತರಕ್ಕೆ 8 ಮೈಲಿ. 1848ರ ಜನವರಿ 24ರಂದು ಜೇಮ್ಸ್ ಮಾರ್ಷಲ್ ಇಲ್ಲಿನ ಸಾಮಿಲ್ಲಿನ ಕಾಲುವೆಯಲ್ಲಿ ಚಿನ್ನ ಕಂಡ. ಈಗ ನಿಂತಿರುವ ಮಿಲ್ಲು ಆಮೇಲೆ ಕಟ್ಟಿದ ಪ್ರತಿಕೃತಿ. ಮೂಲ ಜಾಗ ಹೊಳೆಯ ದಂಡೆಯಲ್ಲಿದೆ, ಗುರುತೂ ಇದೆ. ಬಹಳ ಮಂದಿ ಮಿಲ್ಲಿನ ಮುಂದೆ ಫೋಟೋ ತೆಗೆದು ವಾಪಸಾಗುತ್ತಾರೆ. ನೀವು ದಂಡೆಗೂ ಹೋಗಿ, ಗುಡ್ಡದ ಮೇಲಿರುವ ಮಾರ್ಷಲ್ ಪ್ರತಿಮೆಗೂ ಹತ್ತಿ. 1890ರ ಆ ಪ್ರತಿಮೆ ಬೆರಳು ತೋರಿಸುವುದು ಚಿನ್ನ ಸಿಕ್ಕ ಜಾಗದ ಕಡೆಗೇ.

ಇಲ್ಲಿ ಚಿನ್ನಕ್ಕಾಗಿ ಮರಳು ಗಾಳಿಸಲು ಗೊತ್ತುಪಡಿಸಿದ ಜಾಗವಿದೆ. ಕೈ ಮತ್ತು ಪ್ಯಾನ್ ಮಾತ್ರ, ಸಲಿಕೆ ಕೂಡದು. ಅಕ್ಕಿಯಿಂದ ಕಲ್ಲು ಗಾಳಿಸಿದವರಿಗೆ ಈ ಕೆಲಸ ಹೊಸದಲ್ಲ. ಅಲ್ಲಿ ತಳದಲ್ಲಿ ಉಳಿದ ಕಲ್ಲನ್ನು ಚೆಲ್ಲುತ್ತೇವೆ, ಇಲ್ಲಿ ತಳದಲ್ಲಿ ಉಳಿದದ್ದೇ ಬೇಕು. ದೊಡ್ಡ ಬಂಡೆಯ ಹಿಂದೆ, ನೀರಿನ ವೇಗ ಕಡಿಮೆಯಾಗುವ ಕಡೆ ಮರಳು ತೆಗೆದು ಪ್ಯಾನಿನ ಅರ್ಧಕ್ಕಿಂತ ತುಸು ಹೆಚ್ಚು ತುಂಬಿಸಿ. ನೀರಿನೊಳಗೇ ಹಿಡಿದು ಜೇಡಿ ಗಂಟುಗಳನ್ನು ಬೆರಳಲ್ಲಿ ಪುಡಿಮಾಡಿ, ದಪ್ಪ ಕಲ್ಲು ತೆಗೆದುಹಾಕಿ, ಎಡಬಲಕ್ಕೆ ಜೋರಾಗಿ ಅಲ್ಲಾಡಿಸಿ. ಚಿನ್ನ ನೀರಿಗಿಂತ 19 ಪಟ್ಟು ತೂಕ, ಮರಳು ಎರಡೂವರೆ ಪಟ್ಟು ಚಿಲ್ಲರೆ, ಆದ್ದರಿಂದ ಅಲ್ಲಾಡಿಸಿದಷ್ಟೂ ಚಿನ್ನ ಕೆಳಗಿಳಿಯುತ್ತದೆ. ಆಮೇಲೆ ಪ್ಯಾನನ್ನು ಮುಂದಕ್ಕೆ ಬಾಗಿಸಿ ಮೇಲಿನ ಪದರವನ್ನಷ್ಟೇ ನೀರಿಗೆ ಬಿಡಿ, ಮತ್ತೆ ಅಲ್ಲಾಡಿಸಿ. ಕೊನೆಗೆ ಒಂದು ಚಮಚದಷ್ಟು ಕರಿಮರಳು ಉಳಿಯಬೇಕು. ಸ್ವಲ್ಪ ನೀರು ಹಾಕಿ ನಿಧಾನವಾಗಿ ತಿರುಗಿಸಿದರೆ ಕರಿಮರಳು ಮುಂದೆ ಸರಿಯುತ್ತದೆ, ಹಳದಿ ಚುಕ್ಕೆ ಹಿಂದೆ ನಿಲ್ಲುತ್ತದೆ. ನೆರಳಲ್ಲಿ ಹಿಡಿದು ನೋಡಿ: ಅಭ್ರಕ ಮಂಕಾಗುತ್ತದೆ, ಚಿನ್ನದ ಬಣ್ಣ ಬದಲಾಗದು. ಕೈಯಲ್ಲಿ ಸನ್‌ಸ್ಕ್ರೀನ್ ಅಥವಾ ಎಣ್ಣೆ ಇದ್ದರೆ ಸಣ್ಣ ಚೂರುಗಳು ಮುಳುಗದೆ ತೇಲಿ ಹೋಗುತ್ತವೆ, ಹಾಗಾಗಿ ಮೊದಲು ಕೈಯನ್ನೂ ಪ್ಯಾನನ್ನೂ ಸೋಪಿನಲ್ಲಿ ತೊಳೆದುಕೊಂಡು ಬನ್ನಿ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆ ಏರುತ್ತದೆ. ಮಕ್ಕಳನ್ನು ಮೊಣಕಾಲಿಗಿಂತ ಆಳಕ್ಕೆ ಬಿಡಬೇಡಿ.

ದಂಡೆಯ ಪೊದೆಗಳಲ್ಲಿ ಒಂದೇ ತೊಟ್ಟಿಗೆ ಮೂರು ಎಲೆ ಕಂಡರೆ ಮುಟ್ಟಬೇಡಿ, ಪಾಯಿಸನ್ ಓಕ್ ಆಗಿರಬಹುದು, ಮೈ ಉರಿಯುತ್ತದೆ. ಹಳೆಯ ಸುರಂಗದ ಬಾಯಿ ತೆರೆದಿದ್ದರೂ ಒಳಗೆ ಕಾಲಿಡಬೇಡಿ. ಉಸಿರಾಡುವ ಗಾಳಿ ಇಲ್ಲದಿರಬಹುದು, ನೆಲದಲ್ಲಿ ಗುಂಡಿ ಕಾಣುವುದಿಲ್ಲ.

ಜಾಕ್ಸನ್‌ನಿಂದ ಹೈವೇ 88 ಹಿಡಿದು ಪೈನ್ ಗ್ರೋವ್ ತಲುಪಿ, ವೊಲ್ಕೇನೋ ಎಂಬ ಊರಿನ ಕಡೆಗೆ ತಿರುಗಿದರೆ ಇಂಡಿಯನ್ ಗ್ರೈಂಡಿಂಗ್ ರಾಕ್ ಪಾರ್ಕ್. ಚಿನ್ನದವರು ಬರುವ ಎಷ್ಟೋ ಮೊದಲೇ ಈ ನಾಡಿನ ಮೂಲನಿವಾಸಿಗಳಾದ ಮಿವೋಕ್ ಜನ ಇಲ್ಲಿ ಓಕ್ ಕಾಯಿ ಕುಟ್ಟಿ ಹಿಟ್ಟು ಮಾಡುತ್ತಿದ್ದರು. ಒಂದೇ ಬಂಡೆಯಲ್ಲಿ 1,185 ಒರಳುಗುಣಿಗಳು. ನಡುಹಗಲಲ್ಲಿ ಎಲ್ಲ ಸಪಾಟಾಗಿ ಕಾಣುತ್ತದೆ. ಬೆಳಗಿನ ಓರೆಬಿಸಿಲಲ್ಲಿ ಗುಣಿಗಳಷ್ಟೇ ಅಲ್ಲ, ನಡುವೆ ಕೊರೆದ ಗೆರೆಚಿತ್ರಗಳೂ ಎದ್ದು ಕಾಣುತ್ತವೆ. ಚಿನ್ನದ ಕಥೆಯಷ್ಟೇ ಕೇಳಿ ಹೊರಟರೆ ಈ ನಾಡಿನ ಅರ್ಧ ತಿಳಿದಂತೆ, ಹಾಗಾಗಿ ಈ ಜಾಗ ಬಿಡಬೇಡಿ.

ಕೊಲಂಬಿಯಾ ಸೊನೋರಾದ ಉತ್ತರಕ್ಕೆ 4 ಮೈಲಿ, ಪ್ರವೇಶ ಉಚಿತ. ಇಲ್ಲಿ ಕಬ್ಬಿಣದ ಬಾಗಿಲುಗಳನ್ನು ಹುಡುಕಿ. 1854ರಲ್ಲಿ ಮರದ ಅಂಗಡಿಬೀದಿ ಸುಟ್ಟಿತು, 1857ರಲ್ಲಿ ಮತ್ತೆ ಬೆಂಕಿ ಬಿತ್ತು. ಆಮೇಲೆ ಕಟ್ಟಿದವರು ಇಟ್ಟಿಗೆ ಗೋಡೆಗೆ ಕಬ್ಬಿಣದ ಜೋಡಿ ಬಾಗಿಲು ಕೂರಿಸಿದರು. ಹತ್ತಿರ ನಿಂತು ಬಾಗಿಲ ಕೀಲು ನೋಡಿ, ಗೋಡೆಯ ದಪ್ಪವನ್ನು ಗೇಣಿನಲ್ಲಿ ಅಳೆಯಿರಿ, ಬೆಂಕಿಯ ಭಯ ಎಷ್ಟಿತ್ತೆಂದು ತಿಳಿಯುತ್ತದೆ. ಊರಂಚಿನಲ್ಲಿ ಚಿತ್ರವಿಚಿತ್ರ ಆಕಾರದ ಬಿಳಿ ಸುಣ್ಣಕಲ್ಲುಗಳು ಎದ್ದು ನಿಂತಿವೆ. ಅವು ಒಂದು ಕಾಲದಲ್ಲಿ ಮಣ್ಣಿನಡಿ ಇದ್ದವು. ಸುತ್ತಲ ಮಣ್ಣನ್ನೆಲ್ಲ ಚಿನ್ನಕ್ಕಾಗಿ ತೊಳೆದುಬಿಟ್ಟರು.

ಮೂರನೇ ದಿನ ಸಿಕ್ಕರೆ ಉತ್ತರಕ್ಕೆ ಗ್ರಾಸ್ ವ್ಯಾಲಿಯ ಎಂಪೈರ್ ಮೈನ್. ನಮ್ಮ ಕೆಜಿಎಫ್ ಗಣಿಗೆ ಬಂದಂತೆಯೇ ಇಲ್ಲಿಗೂ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿಗಾರರು ಬಂದಿದ್ದರು. 1850ರಿಂದ 1956ರವರೆಗೆ ಕೊರೆದ 367 ಮೈಲಿ ಸುರಂಗ ಈಗ ಬಹುಪಾಲು ನೀರಲ್ಲಿ ಮುಳುಗಿದೆ. ಸುರಂಗಜಾಲದ ಮಾದರಿಯನ್ನು ಮೊದಲು ನೋಡಿ, ಆಮೇಲೆ ಗಣಿಗೆ ಇಳಿಯುವ ಶಾಫ್ಟಿನ ಬಾಯಿಗೆ ಹೋಗಿ. ಓರೆಯಾಗಿ ಕತ್ತಲೆಗೆ ಇಳಿದ ಹಳಿ ಎಲ್ಲಿಗೆ ಹೋಗುತ್ತದೆಂದು ಆಗ ಗೊತ್ತಾಗುತ್ತದೆ.