ಸರಾಯೆವೊದಲ್ಲಿ ಮುತ್ತಿಗೆಯ ಗುರುತುಗಳನ್ನು ತೋರಿಸುತ್ತಾ

ಬೋಸ್ನಿಯಾದ ರಾಜಧಾನಿ ಸರಾಯೆವೊದ ಮುತ್ತಿಗೆಯನ್ನು ಕಂಡವನು ನಾನಲ್ಲ. 1992ರ ಏಪ್ರಿಲ್‌ನಿಂದ 1996ರ ಫೆಬ್ರವರಿಯವರೆಗೆ, 1,425 ದಿನಗಳ ಕಾಲ, ಆ ಊರಿನವರು ಸುತ್ತಲಿನ ಬೆಟ್ಟಗಳಿಂದ ಬೀಳುತ್ತಿದ್ದ ಶೆಲ್ಲುಗಳ ಕೆಳಗೆ ಬದುಕು ನಡೆಸುತ್ತಿದ್ದಾಗ ನಾನು ದೂರದ ದೇಶವೊಂದರಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗ. ಆದರೂ ಹಲವು ವರ್ಷಗಳಿಂದ ಪ್ರವಾಸಿಗರ ಸಣ್ಣ ಗುಂಪುಗಳನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಿ ಯುದ್ಧದ ಜಾಗಗಳನ್ನು ತೋರಿಸುವುದೇ ನನ್ನ ಕಸುಬಾಗಿದೆ. ಊರಿನವರೇ ಆದ ಗೈಡ್ ಒಬ್ಬರು ಜೊತೆಗಿರುತ್ತಾರೆ. ತಾವು ಕಂಡದ್ದರಲ್ಲಿ ಎಷ್ಟನ್ನು ಹೇಳಬೇಕು, ಎಷ್ಟನ್ನು ಬಿಡಬೇಕು ಎಂಬುದು ಅವರ ಇಷ್ಟ. ದಾರಿ, ದೂರ, ದಿನಾಂಕ, ಅಳತೆ ಇವು ನನ್ನ ಪಾಲು. ಈ ಹಂಚಿಕೆಗೆ ಬರಲು ನನಗೆ ನಾಲ್ಕೈದು ವರ್ಷ ಹಿಡಿಯಿತು.

ಮೊದಮೊದಲು ನಾನು ಯುಗೊಸ್ಲಾವಿಯ ಒಡೆದಲ್ಲಿಂದ ಯುದ್ಧ ನಿಲ್ಲಿಸಿದ 1995ರ ಡೇಟನ್ ಒಪ್ಪಂದದವರೆಗಿನ ಕಥೆಯನ್ನೆಲ್ಲ ಬೆಳಿಗ್ಗೆಯೇ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದೆ. ಕೇಳುವವರು ಅರ್ಧ ಗಂಟೆಯಲ್ಲೇ ದಣಿಯುತ್ತಿದ್ದರು, ನೋಡಬೇಕಾದ ಜಾಗಕ್ಕೆ ಬರುವ ಹೊತ್ತಿಗೆ ಅವರಲ್ಲಿ ನೋಡುವ ಉತ್ಸಾಹವೇ ಉಳಿದಿರುತ್ತಿರಲಿಲ್ಲ. ಈಗ ನಾನು ಊರಿನ ಪಕ್ಕದ ಟ್ರೆಬೆವಿಚ್ ಬೆಟ್ಟದಿಂದ ಆರಂಭಿಸುತ್ತೇನೆ. ಯುದ್ಧದಲ್ಲಿ ಹಾಳಾಗಿದ್ದ ಕೇಬಲ್ ಕಾರ್ 2018ರಲ್ಲಿ ಮತ್ತೆ ಓಡತೊಡಗಿದ ಮೇಲೆ ಇದು ಸುಲಭವಾಗಿದೆ. ಮೇಲೆ, 1984ರ ಚಳಿಗಾಲದ ಒಲಿಂಪಿಕ್ಸ್‌ಗಾಗಿ ಕಟ್ಟಿದ ಬಾಬ್‌ಸ್ಲೆಡ್ ಎಂಬ ಜಾರುಬಂಡಿ ಓಟದ ಕಾಂಕ್ರೀಟ್ ಕಾಲುವೆ ಮರಗಳ ನಡುವೆ ಇನ್ನೂ ಹಾವಿನಂತೆ ಸುತ್ತಿಕೊಂಡು ಬಿದ್ದಿದೆ. ಮುತ್ತಿಗೆಯ ಕಾಲದಲ್ಲಿ ಅದು ಊರನ್ನು ಮುತ್ತಿದ್ದ ಬೋಸ್ನಿಯಾದ ಸರ್ಬ್ ಸೇನೆಯ ಕೈಯಲ್ಲಿದ್ದ ಜಾಗ. ಊರು ಕಾಣುವ ಕಡೆ ಗುಂಪನ್ನು ನಿಲ್ಲಿಸಿ, ಹಿಂದಿನ ರಾತ್ರಿ ತಾವು ಮಲಗಿದ್ದ ಹೋಟೆಲನ್ನು ಬರಿಗಣ್ಣಿನಿಂದಲೇ ಹುಡುಕಿರಿ ಎನ್ನುತ್ತೇನೆ. ಸಾಮಾನ್ಯವಾಗಿ ಎರಡು ನಿಮಿಷದೊಳಗೆ ಯಾರಾದರೊಬ್ಬರು ಬೆರಳು ಚಾಚುತ್ತಾರೆ, ಆಮೇಲೆ ಕಿಟಕಿಗಳನ್ನು ಎಣಿಸತೊಡಗುತ್ತಾರೆ, ಆಮೇಲೆ ಮಾತು ತಾನಾಗಿ ನಿಲ್ಲುತ್ತದೆ. ಮುತ್ತಿಗೆ ಎಂದರೇನೆಂದು ಆ ದಿನ ನಾನು ಮತ್ತೆ ವಿವರಿಸಬೇಕಾಗುವುದಿಲ್ಲ. ಒಂದೇ ಕಟ್ಟಪ್ಪಣೆಯೆಂದರೆ ಯಾರೂ ಕಾಲುದಾರಿ ಬಿಟ್ಟು ಕಾಡಿಗೆ ಇಳಿಯಕೂಡದು, ಏಕೆಂದರೆ ಬೋಸ್ನಿಯಾದಲ್ಲಿ ನೆಲಬಾಂಬುಗಳನ್ನು ತೆಗೆಯುವ ಕೆಲಸ ಇನ್ನೂ ಮುಗಿದಿಲ್ಲ.

ಅಲ್ಲಿಂದ, ಮುತ್ತಿಗೆಯೊಳಗಿನ ಊರನ್ನು ಹೊರಗಿನೊಂದಿಗೆ ಜೋಡಿಸಿದ ಸುರಂಗಕ್ಕೆ. ವಿಮಾನ ನಿಲ್ದಾಣ ವಿಶ್ವಸಂಸ್ಥೆಯ ಪಡೆಗಳ ವಶದಲ್ಲಿದ್ದುದರಿಂದ, ನಗರದ ಕಡೆಯ ಡೊಬ್ರಿನ್ಯಾ ಮತ್ತು ಆಚೆಯ ಬುಟ್ಮಿರ್ ಎರಡೂ ತುದಿಗಳಿಂದ ಜನ ರನ್‌ವೇಯ ಅಡಿಯಲ್ಲೇ ನೆಲ ಕೊರೆಯುತ್ತಾ ಬಂದು 1993ರಲ್ಲಿ ನಡುವೆ ಸೇರಿದರು. ಉದ್ದ ಸುಮಾರು 800 ಮೀಟರ್, ಎತ್ತರ ಒಂದೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು, ಅಗಲ ಒಂದು ಮೀಟರ್. ಇಂದು ಪ್ರವಾಸಿಗರಿಗೆ ತೆರೆದಿರುವುದು ಇಪ್ಪತ್ತು ಚಿಲ್ಲರೆ ಮೀಟರ್ ಮಾತ್ರ, ಆದ್ದರಿಂದ ಬಗ್ಗಿ ನಡೆದು ಅರ್ಧ ನಿಮಿಷದಲ್ಲಿ ಹೊರಬಂದವರು ‘ಇಷ್ಟೇನಾ’ ಎಂದು ಕೇಳುವುದುಂಟು. ನಾನು ವಾದಿಸುವುದಿಲ್ಲ. ಬಂದ ದಾರಿಯಲ್ಲೇ ವಾಪಸು, ಮತ್ತೆ ಒಳಗೆ, ಹೀಗೆ ನಾಲ್ಕು ಬಾರಿ, ಬೆನ್ನಿನ ಚೀಲ ಇಳಿಸದೆ ಹೋಗಿಬರಲು ಹೇಳುತ್ತೇನೆ. ನಾಲ್ಕನೆಯ ಬಾರಿಗೆ ಸೊಂಟ ಹಿಡಿದುಕೊಂಡು ಬರುವವರಿಗೆ, ಆಗಿದ್ದು ಸುರಂಗದ ಕಾಲು ಭಾಗವೂ ಅಲ್ಲ ಎಂದಷ್ಟೇ ತಿಳಿಸುತ್ತೇನೆ.

ನಗರದೊಳಗೆ ನನಗೆ ಹೆಚ್ಚು ಹೊತ್ತು ಬೇಕಾಗುವುದು ಕಾಲ ಕೆಳಗಿನ ಗುರುತುಗಳಿಗೆ. ಮಾರ್ಟರ್ ಶೆಲ್ ಕಾಂಕ್ರೀಟಿನ ಮೇಲೆ ಬಿದ್ದರೆ ನಡುವೆ ಒಂದು ಗುಳಿ, ಅದರ ಸುತ್ತ ಚೂರುಗಳು ಕೆತ್ತಿದ ಚಿಕ್ಕಪುಟ್ಟ ಗಾಯಗಳು ಉಳಿಯುತ್ತವೆ. ಯುದ್ಧದ ನಂತರ ಜನ ಸತ್ತ ಜಾಗಗಳ ಇಂಥ ಗುರುತುಗಳಿಗೆ ಕೆಂಪು ರಾಳ ತುಂಬಿದರು. ಅವುಗಳಿಗೆ ಸರಾಯೆವೊ ಗುಲಾಬಿ ಎಂದು ಹೆಸರು. ಚೂರುಗಳು ಎಲ್ಲ ದಿಕ್ಕಿಗೂ ಸಮನಾಗಿ ಹರಡಿರುವುದಿಲ್ಲ, ಒಂದು ಕಡೆ ಬೀಸಣಿಗೆಯಂತೆ ಬಿಚ್ಚಿಕೊಂಡಿರುತ್ತವೆ, ಅದನ್ನು ಓದಬಲ್ಲವರು ಶೆಲ್ ಬಂದ ದಿಕ್ಕನ್ನು ಅಂದಾಜು ಮಾಡುತ್ತಾರೆ. ನಾನು ಮಂಡಿಯೂರಿ ಬೆರಳಿನಿಂದ ಆ ಬೀಸಣಿಗೆಯ ಅಂಚನ್ನು ತೋರಿಸುತ್ತೇನೆ. ಒಮ್ಮೆ ನಮ್ಮ ಗುಂಪಿನವರೊಬ್ಬರು ಅಳತೆ ತಿಳಿಯಲೆಂದು ಗುಳಿಯ ಮೇಲೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳಲು ನಿಂತರು; ಅದೇ ಹೊತ್ತಿಗೆ ಎದುರಿನ ಅಂಗಡಿಯ ಹೆಂಗಸು ಕಸ ಗುಡಿಸುತ್ತಾ ಬಂದು, ಅವರ ಮುಖವನ್ನೂ ನೋಡದೆ, ಗುಲಾಬಿಯ ಸುತ್ತ ಪೊರಕೆ ಆಡಿಸಿ ಮುಂದೆ ಹೋದರು. ನಮ್ಮವರು ಕಾಲು ತೆಗೆದರು. ಈಗ ಫೋಟೊ ಬೇಕಾದವರಿಗೆ ಪಕ್ಕದಲ್ಲಿ ಒಂದು ಪೆನ್ನಿಡಿ ಎಂದು ಮೊದಲೇ ಹೇಳಿಬಿಡುತ್ತೇನೆ.

ನನ್ನ ದೊಡ್ಡ ತಪ್ಪು ಒಂದು ಪದದ್ದು. ‘ಸರ್ಬರು ಬೆಟ್ಟದ ಮೇಲಿದ್ದರು’ ಎಂದು ವಿವರಿಸುತ್ತಿದ್ದಾಗ, ಬೆಂಚಿನ ಮೇಲೆ ಕುಳಿತು ಕೇಳುತ್ತಿದ್ದ ವೃದ್ಧರೊಬ್ಬರು ಎದ್ದು ಬಂದು, ತಾವೂ ಸರ್ಬರೇ, ಅಷ್ಟೂ ದಿನ ಕೆಳಗೆ ಊರೊಳಗೇ ಇದ್ದೆವು ಎಂದು ಬಹಳ ಮೆಲ್ಲಗೆ ಹೇಳಿದರು. ನಗರವನ್ನು ಕಾದ ಸೇನಾನಾಯಕರಲ್ಲಿ ಯೊವಾನ್ ದಿವ್ಯಾಕ್ ಅವರೂ ಸರ್ಬರೇ ಎಂಬುದು ನನಗೆ ಪುಸ್ತಕದಿಂದ ಗೊತ್ತಿತ್ತು, ನಾಲಿಗೆಗೆ ಮಾತ್ರ ಗೊತ್ತಿರಲಿಲ್ಲ. ಅಂದಿನಿಂದ ಜನಾಂಗದ ಹೆಸರು ಹೇಳದೆ ಸೇನೆಯ ಹೆಸರನ್ನೇ ಹೇಳುತ್ತೇನೆ. ವಾಕ್ಯ ಉದ್ದವಾಗುತ್ತದೆ, ಆಗಲಿ.

ಮಾರ್ಕಲೆ ಮಾರುಕಟ್ಟೆಯಲ್ಲಿ ಈ ಎಚ್ಚರ ಇನ್ನಷ್ಟು ಬೇಕು. 1994ರ ಫೆಬ್ರವರಿ 5ರಂದು ಅಲ್ಲಿ ಬಿದ್ದ ಒಂದೇ ಶೆಲ್ಲಿಗೆ 68 ಜನ ಸತ್ತರು, ಮುಂದಿನ ವರ್ಷದ ಆಗಸ್ಟ್ 28ರಂದು ಮತ್ತೆ 43 ಜನ. ಶೆಲ್ ಹಾರಿಸಿದ್ದು ಯಾರು ಎಂದು ಕೆಣಕಲೆಂದೇ ಕೇಳುವ ಪ್ರವಾಸಿಗರು ವರ್ಷಕ್ಕೆ ಒಬ್ಬಿಬ್ಬರಾದರೂ ಸಿಗುತ್ತಾರೆ. ಮೊದಲನೆಯದು ಬೋಸ್ನಿಯಾದ ಸರ್ಬ್ ಸೇನೆಯ ಹಿಡಿತದಲ್ಲಿದ್ದ ಪ್ರದೇಶದಿಂದ ಬಂದದ್ದೆಂದು ಹೇಗ್‌ನ ಅಂತರರಾಷ್ಟ್ರೀಯ ಯುದ್ಧಾಪರಾಧ ನ್ಯಾಯಮಂಡಳಿ, ಮುತ್ತಿಗೆ ಹಾಕಿದ್ದ ಪಡೆಯ ದಂಡನಾಯಕ ಸ್ತಾನಿಸ್ಲಾವ್ ಗಾಲಿಚ್ ಪ್ರಕರಣದಲ್ಲಿ ತೀರ್ಮಾನಿಸಿದೆ, 2006ರಲ್ಲಿ ಮೇಲ್ಮನವಿಯ ಪೀಠ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿದೆ. ನಾನು ಇಷ್ಟನ್ನು ಹೇಳಿ ನಿಲ್ಲಿಸುತ್ತೇನೆ. ಜೊತೆಗೆ, ಅದು ಇಂದಿಗೂ ನಡೆಯುವ ತರಕಾರಿ ಮಾರುಕಟ್ಟೆ. ಹಿಂಬದಿಯ ಗೋಡೆಯ ಮೇಲಿನ ಹೆಸರುಗಳನ್ನು ಓದುತ್ತಾ ನಿಲ್ಲುವ ನಾವು ಕೊಳ್ಳಲು ಬಂದವರಿಗೆ ದಾರಿ ಬಿಡಬೇಕು.

ಸಾಮೂಹಿಕ ಹತ್ಯೆ ನಡೆದ ಸ್ರೆಬ್ರೆನಿತ್ಸಾ ಊರನ್ನು ಈ ದಿನದೊಂದಿಗೆ ಸೇರಿಸುವುದನ್ನು ಬಿಟ್ಟಿದ್ದೇನೆ. ಅದಕ್ಕೆ ಇಡೀ ಒಂದು ದಿನ ಮೀಸಲು. 1995ರ ಜುಲೈಯಲ್ಲಿ ಕೊಲ್ಲಲ್ಪಟ್ಟ 8,000ಕ್ಕೂ ಹೆಚ್ಚು ಗಂಡಸರು ಮತ್ತು ಹುಡುಗರ ಹೆಣಗಳಲ್ಲಿ ಎಷ್ಟನ್ನೋ ಆಮೇಲೆ ಯಂತ್ರಗಳಿಂದ ತೋಡಿ ಬೇರೆಡೆ ಹೂಳಿದ್ದರಿಂದ, ಒಬ್ಬನ ಮೂಳೆಗಳು ಎರಡು ಮೂರು ಗುಂಡಿಗಳಲ್ಲಿ ಸಿಕ್ಕಿ, ಡಿಎನ್ಎ ಪರೀಕ್ಷೆಯಿಂದ ಒಂದುಗೂಡಬೇಕಾಯಿತು. ಇದನ್ನು ನಾನು ಬಸ್ಸಿನಲ್ಲೇ ಹೇಳಿ ಮುಗಿಸುತ್ತೇನೆ, ಅಲ್ಲಿನ ಪೊಟೊಚಾರಿ ಸ್ಮಾರಕ ಸ್ಮಶಾನದ ಬಿಳಿ ಕಲ್ಲುಗಳ ನಡುವೆ ಬಾಯಿ ತೆರೆಯುವುದಿಲ್ಲ. ಹೊಸದಾಗಿ ಗುರುತು ಸಿಕ್ಕವರನ್ನು ಮಣ್ಣು ಮಾಡುವ ಜುಲೈ 11ರಂದು ಗುಂಪು ಕರೆದೊಯ್ಯುವುದೇ ಇಲ್ಲ.

ಹಳೆಯ ಪೇಟೆಯಲ್ಲಿ ಗುಂಡಿನ ಖಾಲಿ ಕೋಶಗಳಿಂದ ಮಾಡಿದ ಪೆನ್ನುಗಳು, ಶೆಲ್ ಕೋಶಗಳ ಮೇಲೆ ಕೆತ್ತನೆ ಮಾಡಿದ ಹೂದಾನಿಗಳು ಮಾರಾಟಕ್ಕಿವೆ. ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ, ಅದು ಆ ಕಸುಬುದಾರರ ಅನ್ನ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅವನ್ನು ಹಿಡಿದಿಟ್ಟುಕೊಳ್ಳಬಹುದು ಎಂದು ಮಾತ್ರ ಎಚ್ಚರಿಸುತ್ತೇನೆ.

ಪ್ರತಿ ವಸಂತದಲ್ಲಿ, ಮೊದಲ ಗುಂಪು ಬರುವ ಮುನ್ನ, ಒಬ್ಬನೇ ದಾರಿಯನ್ನು ನಡೆದು ಗುಲಾಬಿಗಳನ್ನು ಎಣಿಸಿಕೊಳ್ಳುತ್ತೇನೆ. ರಾಳ ಸವೆಯುತ್ತದೆ, ರಸ್ತೆ ರಿಪೇರಿಯಾಗುತ್ತದೆ. ಕಳೆದ ಬಾರಿ ನನ್ನ ಪಟ್ಟಿಯಲ್ಲಿದ್ದ ಒಂದರ ಜಾಗದಲ್ಲಿ ಹೊಸ ಡಾಂಬರು ಹಾಸಿತ್ತು. ಜೊತೆಯ ಗೈಡ್‌ಗೆ ಹೇಳಿದೆ; ಅವರು ಪಟ್ಟಿಯಿಂದ ಅದನ್ನು ಹೊಡೆದುಹಾಕಬೇಡಿ ಎಂದರು. ಹಾಗಾಗಿ ಗುಂಪು ಈಗಲೂ ಆ ಮೂಲೆಯಲ್ಲಿ ನಿಲ್ಲುತ್ತದೆ, ಅಲ್ಲಿ ಮಾತಾಡುವವರು ಅವರು.